ಬೀಗರ ಬೀಗಭಂಗ ಪ್ರಸಂಗ

ಸ್ವಸ್ತಿ! ಕಲಿಯುಗದಲ್ಲಿ, ಜಂಬೂದ್ವೀಪದ ದಕ್ಷಿಣ ದಿಗ್ಭಾಗದಲ್ಲಿ, ಮಿರ್ಚಿಭಜಿಯ ಧೂಮದಿಂದ ನಿತ್ಯಪವಿತ್ರವಾದ ಗದಗ ಪಟ್ಟಣದಲ್ಲಿ, ಶ್ರಾವಣ ಮಾಸದ ಎರಡನೆಯ ಮಂಗಳವಾರ, ಹಾಲಿನವನ ಸೈಕಲ್ಲು ಇನ್ನೂ ಓಣಿ ದಾಟಿರದ ಮುಂಜಾನೆ ಆರೂಕಾಲಿಗೆ ನಡೆದ ಮಹಾಸಮರವನ್ನು ಹಾಡಲು ಹೊರಟಿದ್ದೇನೆ. ಎಲೌ ವಾಗ್ದೇವಿಯೇ, ಬಂದು ನನ್ನ ನಾಲಗೆಯ ತುದಿಯಲ್ಲಿ ಕೂಡು; ಅಲ್ಲಿ ಇಕ್ಕಟ್ಟಾದರೆ ನಾಲ್ಕು ಹಲ್ಲು ಬಿದ್ದ ಜಾಗ ಖಾಲಿ ಇದೆ, ಅಲ್ಲಿ ಕೂಡು. ಕುರುಕ್ಷೇತ್ರದಲ್ಲಿ ಹದಿನೆಂಟು ಅಕ್ಷೌಹಿಣಿ ಸೇನೆ ನಿಂತಿತ್ತಂತೆ. ಇಲ್ಲಿ ನಿಂತವರು ಇಪ್ಪತ್ತೆರಡು ಜನ, ಅವರಲ್ಲಿ ಏಳು ಮಂದಿಗೆ ಮೊಣಕಾಲು ನೋವು. ಆದರೇನಂತೆ, ಯುದ್ಧ ಯುದ್ಧವೇ! ಕೆಮ್ಮುವವರು ಈಗಲೇ ಕೆಮ್ಮಿ ಮುಗಿಸಿ. ನಡುವೆ ಕೆಮ್ಮಿದರೆ ನನಗೆ ಸಿಟ್ಟು ಬರುತ್ತದೆ.

ರಣರಂಗ ಯಾವುದೆಂದರೆ, ಒಂದು ಬಡಾವಣೆಯ ಉದ್ಯಾನ. ಅಲ್ಲಿ ಪ್ರತಿದಿನ ನಸುಕಿನಲ್ಲಿ ‘ಅರುಣೋದಯ ನಗೆಕೂಟ’ದ ಸದಸ್ಯರು ವರ್ತುಲಾಕಾರವಾಗಿ ನಿಂತು, ಬಾಹುಗಳನ್ನು ಗಗನಕ್ಕೆತ್ತಿ, ಯಾವ ಕಾರಣವೂ ಇಲ್ಲದೆ ನಗುತ್ತಾರೆ. ಆರೋಗ್ಯಕ್ಕೆ ಒಳ್ಳೆಯದೆಂದು ಯಾರೋ ಹೇಳಿದ್ದಾರೆ, ಅದಕ್ಕೇ ನಗುವುದು. ಅದರಲ್ಲೂ ಪ್ರಕಾರಗಳಿವೆ: ಕೈತಟ್ಟಿ ನಗೆ, ಸಿಂಹನಗೆ, ಕಟ್ಟಕಡೆಗೆ ಎಲ್ಲರೂ ಹುಲ್ಲಿನ ಮೇಲೆ ದೊಪ್ಪನೆ ಉರುಳುವ ‘ಬಿದ್ದುಬಿದ್ದು ನಗೆ’. ಈ ಕೊನೆಯದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಕೂಟದ ಕಾರ್ಯದರ್ಶಿಯೇ ಸಮಸ್ತಬೀಗಮುದ್ರಾಧೀಶ್ವರ, ತ್ರಿಪ್ರತಿಲೇಖನವಿಶಾರದ, ರುಜುವೈಭವಪ್ರಿಯ, ರಿಜಿಸ್ಟರಗರ್ಭಸಂಜಾತ ಶ್ರೀಮಾನ್ ಚನ್ನವೀರಪ್ಪ ಹುಣಸಿಕಟ್ಟಿಯವರು. ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಮೂವತ್ತೈದು ಸಂವತ್ಸರ ಸ್ಟೋರ್‌ಕೀಪರಾಗಿ ಮೆರೆದ ಮಹಾನುಭಾವರು. ಅವರ ಆಳ್ವಿಕೆಯಲ್ಲಿ ಸ್ಟೋರಿನಿಂದ ಒಂದು ಗುಂಡುಸೂಜಿಯೂ ಕಳೆದುಹೋಗಲಿಲ್ಲ, ಏಕೆಂದರೆ ಒಂದು ಗುಂಡುಸೂಜಿಯನ್ನೂ ಅವರು ಯಾರಿಗೂ ಕೊಡಲಿಲ್ಲ. ಕರ್ಣನಿಗೆ ಹುಟ್ಟಿನಿಂದಲೇ ಕವಚ ಬಂದಂತೆ ಇವರಿಗೆ ಕೀಲಿಕೈ ಗೊಂಚಲು ಬಂದಿತ್ತೆಂದು ಅವರ ಹೆಂಡತಿಯೇ ಹೇಳುತ್ತಾರೆ, ಅದೂ ಹಲ್ಲು ಕಡಿಯುತ್ತ.

ಇನ್ನೊಂದು ಪಕ್ಷದಲ್ಲಿ ಕಬಡ್ಡಿಕುಲತಿಲಕೆ, ಖೋಖೋರಣಚಂಡಿಕೆ, ಸೀಟಿನಾದಕಂಪಿತದಿಗಂತೆ ನೀಲಗಂಗಾ ಬೆಳವಣಕಿ ಟೀಚರು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಿ.ಟಿ. ಕಲಿಸಿದವರು. ಅರ್ಜುನನಿಗೆ ದೇವದತ್ತ ಶಂಖವಿದ್ದಂತೆ ಇವರ ಕೊರಳಲ್ಲಿ ಒಂದು ಉಕ್ಕಿನ ಸೀಟಿ. ನಿವೃತ್ತಿಯಾಗಿ ಐದು ವರ್ಷವಾದರೂ ಅದು ಇಳಿದಿಲ್ಲ. ಊರವರ ಬಾಯಲ್ಲಿ ಇವರು ಬರೀ ‘ಅಕ್ಕಾರು’.

ಕದನದ ಮೂಲ ಒಂದು ಡಬ್ಬಿ. ನಿಂತ ಹೃದಯಕ್ಕೆ ಮಿಂಚಿನ ಪೆಟ್ಟು ಕೊಟ್ಟು ಮತ್ತೆ ತಾಳಕ್ಕೆ ತರುವ, ಅಂಗೈಯಗಲದ ಎರಡು ಪಟ್ಟಿಗಳನ್ನು ಎದೆಗೆ ಅಂಟಿಸಿದರೆ ಸಾಕು, ಮುಂದಿನದನ್ನು ತಾನೇ ಬಾಯಿಬಿಟ್ಟು ಹೇಳಿಕೊಡುವ ದಿವ್ಯಯಂತ್ರ. ‘ಡಿಫಿಬ್ರಿಲೇಟರ್’ ಎನ್ನಲು ಹೋಗಿ ಕೂಟದ ಸದಸ್ಯ ಪಾಟೀಲ ಮಾಸ್ತರರ ಕಟ್ಟಿಸಿದ ಹಲ್ಲು ಎರಡು ಸಲ ಹೊರಗೆ ಬಂದ ಮೇಲೆ ಎಲ್ಲರೂ ಅದನ್ನು ‘ಶಾಕ್ ಡಬ್ಬಿ’ ಎಂದೇ ಕರೆದರು.

ಅದನ್ನು ಅಲ್ಲಿ ತಂದು ಹಾಕಿಸಿದವರು ನೀಲಗಂಗಾ ಟೀಚರು. ಏಕೆಂದು ಕೇಳಿ, ಇದೊಂದನ್ನು ನಾನು ಅಲಂಕಾರವಿಲ್ಲದೆ ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ಅವರ ಯಜಮಾನರು ವೀರಭದ್ರಪ್ಪ ಪರವೂರಿನ ಬಸ್‌ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಬಿದ್ದರು. ಸುತ್ತ ನಲವತ್ತು ಜನ ನಿಂತರು. “ಮುಟ್ಟಬ್ಯಾಡ್ರಿ, ಏನರ ಆದ್ರ ನಮ್ಮ ಮ್ಯಾಲ ಬರತೈತಿ” ಎಂದು ಒಬ್ಬ ಹೇಳಿದನಂತೆ, ಉಳಿದವರು ಹೌದೆಂದರಂತೆ. ಟೀಚರು ಶೌಚಾಲಯಕ್ಕೆ ಹೋದವರು ತಿರುಗಿ ಬಂದಾಗ ನಲವತ್ತು ಜನರ ಬೆನ್ನು ಕಂಡಿತು, ಗಂಡ ಕಾಣಲಿಲ್ಲ. ಆ ಮಾತು ಅವರ ಎದೆಯಲ್ಲಿ ಮುಳ್ಳಾಗಿ ಮುರಿದುಕೊಂಡಿತು. ಡಬ್ಬಿಯ ಮೇಲೆ ವೀರಭದ್ರಪ್ಪನವರ ಹೆಸರು ಬರೆಸಿ, ಅದನ್ನು ಉದ್ಯಾನದ ಮಂಟಪದ ಗೋಡೆಗೆ ತೂಗುಹಾಕಿದ ದಿನ ಅವರು ಮನೆಗೆ ಹೋಗಿ ಮನಸ್ಸು ಬಿಚ್ಚಿ ಅತ್ತರು.

ಮರುದಿನ ಮುಂಜಾನೆ ನೋಡಿದರೆ ಡಬ್ಬಿಗೆ ಬೀಗ ಜಡಿದಿತ್ತು!

ಎಂಥ ಬೀಗ! ಪುಸ್ತಕದ ಕನ್ನಡದಲ್ಲಿ ಬೀಗ, ಗದಗಿನ ಬಾಯಲ್ಲಿ ಕೀಲಿ, ಮಾವಿನಕಾಯಿ ಗಾತ್ರದ್ದು. ಅದರ ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು, ಪೆನ್ನಿನ ಕೆಳಗೆ ರಿಜಿಸ್ಟರು, ರಿಜಿಸ್ಟರಿನಲ್ಲಿ ಕೆಂಪು ಗೆರೆ ಎಳೆದ ಮನೆಗಳು: ಒಯ್ಯುವವರ ಹೆಸರು, ಉದ್ದೇಶ, ಮರಳಿಸಿದ ವಸ್ತುಗಳ ವಿವರ, ಸಹಿ. ಮೇಲೊಂದು ಫಲಕ: ‘ಆಪತ್ಕಾಲದಲ್ಲಿ ಕಾರ್ಯದರ್ಶಿಯವರ ಲಿಖಿತ ಅನುಮತಿ ಪಡೆದು ಉಪಯೋಗಿಸತಕ್ಕದ್ದು.’ ಕೀಲಿಕೈ ಎಲ್ಲಿ? ಅದು ಪರಮರಹಸ್ಯ. ಚನ್ನವೀರಪ್ಪನವರ ಉಡಿದಾರದಲ್ಲಿ.

ಇಷ್ಟಾದರೂ ಅಕ್ಕಾರು ಸುಮ್ಮನಿದ್ದರೇ ಎಂದು ನೀವು ಕೇಳಬಹುದು. ಕೇಳಿಯೇ ಕೇಳುತ್ತೀರಿ, ನಿಮಗೆ ತಾಳ್ಮೆ ಎಲ್ಲಿದೆ? ಅವರ ಬಾಯಿಗೂ ಒಂದು ಬೀಗ ಬಿದ್ದಿತ್ತು. ಅವರ ಒಬ್ಬಳೇ ಮಗಳು ಸುಗಂಧಾ ಚನ್ನವೀರಪ್ಪನವರ ಸೊಸೆ. ಅಂದರೆ ಇವರಿಬ್ಬರೂ ಬೀಗರು. ಹೆಣ್ಣು ಕೊಟ್ಟವರು ಗಂಡಿನ ಕಡೆಯವರಿಗೆ ಎದುರು ಮಾತಾಡಬಾರದೆಂಬುದು ಯಾವ ಕಾನೂನಿನಲ್ಲೂ ಇಲ್ಲ, ಆದರೆ ಎಲ್ಲ ಮನೆಯಲ್ಲೂ ಇದೆ. ಇವರು ಇಲ್ಲಿ ಒಂದು ಮಾತು ಬಿರುಸಾಗಿ ಆಡಿದರೆ ಅಲ್ಲಿ ಮಗಳ ಕಿವಿಗೆ ಹತ್ತು ಬೀಳುತ್ತವೆ. ಹಾಗಾಗಿ ಎಂಟು ತಿಂಗಳ ಕಾಲ, ರೆಫ್ರಿಗಳಿಗೇ ಪಾಠ ಹೇಳಿದ ಆ ವೀರನಾರಿ ಪ್ರತಿದಿನ ಬೀಗದ ಎದುರು ನಿಂತು, ಕೈತಟ್ಟಿ ನಕ್ಕು, ಮನೆಗೆ ಹೋದರು.

ಆದರೆ ಆ ಮಂಗಳವಾರ ಕೂಟದ ವಾರ್ಷಿಕ ಸಭೆ. ನ್ಯಾಯಶಾಸ್ತ್ರಸಾಗರಪಾರಂಗತರಾದ ಶೇಷಗಿರಿ ವಕೀಲರು, ಮೊಣಕಾಲುನೋವಿನ ಏಳು ಮಂದಿಯಲ್ಲಿ ಅಗ್ರಗಣ್ಯರು, ಕಲ್ಲುಕಟ್ಟೆಯ ಮೇಲೆ ಕುಳಿತಲ್ಲಿಂದಲೇ ಕದನಕಹಳೆ ಊದಿದರು.

“ನೋಡ್ರೀ ಚನ್ನವೀರಪ್ಪನವರ, ಹೃದಯ ನಿಂತ ಮ್ಯಾಲೆ ಒಂದೊಂದು ನಿಮಿಷಾನೂ ಬಂಗಾರದ್ದು ಅದ. ಅಷ್ಟರಾಗ ನಿಮ್ಮ ಲಿಖಿತ ಅನುಮತಿ ಎಲ್ಲಿ ತರೂದ್ರೀ? ಆ ಡಬ್ಬಿಗೆ ಕೀಲಿ ಇರಬಾರದು. ಯಾರ ಕೈಗೆ ಸಿಗ್ತದೋ ಅವರು ತಗೀಬೇಕು.”

ಆಗ ಚನ್ನವೀರಪ್ಪನವರು ಎದ್ದರು. ಎದೆಯುಬ್ಬಿಸಿ, ಉಡಿದಾರದ ಮೇಲೆ ಕೈಯಿಟ್ಟು, ಸಭೆಯನ್ನು ಎಡದಿಂದ ಬಲಕ್ಕೆ ಒಮ್ಮೆ ದಿಟ್ಟಿಸಿ, ಮೇಘಗಂಭೀರ ಧ್ವನಿಯಲ್ಲಿ ಗರ್ಜಿಸಿದರು:

“ಕೀಲಿ ತಗೀಬೇಕಂತ! ಯಾರಿಗೆ ಹೇಳಾಕತ್ತೀರಿ ವಕೀಲ್‌ಸಾಹೇಬ್ರ? ಇದ ಉದ್ಯಾನದಾಗ ಹಿತ್ತಾಳಿ ನಳ ಹೋತು. ಬೆಂಚಿನ ಹಲಗಿ ಹೋತು. ಕಾರಂಜ್ಯಾಗಿನ ಸಿಮೆಂಟಿನ ಬಾತುಕೋಳಿ ಹೋತು, ಅದನ್ನ ಯಾಂವ ಏನ್ ಮಾಡ್ಯಾನೋ ಶಿವನ ಬಲ್ಲ! ನನ್ನ ಡಬ್ಬಿ ಐತಿ. ಯಾಕ? ಕೀಲಿ ಐತಿ! ಮೂವತ್ತೈದು ವರ್ಷ ನನ್ನ ಸ್ಟೋರಿನಾಗ ಇಲಿ ಸೈತ ಸಹಿ ಮಾಡದ ಒಳಗ ಹೋಗಿಲ್ಲ!”

ಸಭೆ ಚಪ್ಪಾಳೆ ತಟ್ಟಿತು. ನಗೆಕೂಟದವರಿಗೆ ಚಪ್ಪಾಳೆ ರೂಢಿ, ಯಾವುದಕ್ಕೂ ತಟ್ಟುತ್ತಾರೆ.

“ಇನ್ನೊಂದು ಕೇಳ್ರಿ,” ಎಂದು ಅವರು ದನಿ ಇಳಿಸಿದರು. ಇಲ್ಲಿ ಅವರ ಮುಖದಲ್ಲಿ ನಿಜವಾದ ಭಯ ಕಂಡಿತು, ಸುಳ್ಳು ಹೇಳಬಾರದು. “ನಾಳೆ ಯಾರೋ ಗಟ್ಟಿ ಇದ್ದಾಂವಗ ಹಚ್ಚಿ ಶಾಕ್ ಕೊಟ್ರು ಅನ್ನ್ರಿ. ಆಂವ ಹೋದಾ ಅನ್ನ್ರಿ. ಕೇಸ್ ಯಾರ ಮ್ಯಾಲ? ಕಾರ್ಯದರ್ಶಿ ಚನ್ನವೀರಪ್ಪನ ಮ್ಯಾಲ! ಈ ವಯಸ್ಸಿನಾಗ ನಾ ಕೋರ್ಟ್ ಮೆಟ್ಟಲಾ ಹತ್ಲ್ಯಾ?”

“ಗಟ್ಟಿ ಇದ್ದಾಂವಗ ಅದು ಶಾಕ್ ಕೊಡೂದs ಇಲ್ರೀ,” ಎಂದರು ವಕೀಲರು. “ತಾನs ಎದಿ ನೋಡ್ತದ, ಬೇಕಿದ್ರ ಮಾತ್ರ ಕೊಡು ಅಂತದ. ಇನ್ನ ಕೇಸಿನ ಮಾತು. ರಸ್ತೆ ಅಪಘಾತದಾಗ ಒಳ್ಳೆ ಮನಸಿನಿಂದ ಸಹಾಯ ಮಾಡಿದವರಿಗೆ ಕಾನೂನಿನ ರಕ್ಷಣೆ ಅದ. ಅದs ಧರ್ಮ ಹಿಡದು ನಮ್ಮ ಕೂಟಕ್ಕ ನಾವೂ ಒಂದು ಠರಾವು ಮಾಡೋಣು: ಒಳ್ಳೆ ಮನಸಿನಿಂದ ಡಬ್ಬಿ ಹಚ್ಚಿದವರ ಮ್ಯಾಲೆ ಕೂಟ ತಪ್ಪು ಹೊರಸಬಾರದು. ಅಕ್ಕಾರ, ಡಬ್ಬಿ ನಿಮ್ಮದು. ನೀವೇನಂತೀರಿ?”

ಇಪ್ಪತ್ತೊಂದು ಮುಖಗಳು ನೀಲಗಂಗಾ ಟೀಚರ ಕಡೆ ತಿರುಗಿದವು. ಧರ್ಮಸಂಕಟವೆಂದರೆ ಇದು! ಮಾತಾಡಿದರೆ ಬೀಗರಿಗೆ ಅವಮಾನ, ಸುಮ್ಮನಿದ್ದರೆ ಗಂಡನಿಗೆ ದ್ರೋಹ. ಟೀಚರು ಸೆರಗು ಬಿಗಿದರು, ಸೀಟಿ ಮುಟ್ಟಿದರು, ಬಿಟ್ಟರು. ಆಮೇಲೆ ಅವರ ತುಟಿಯಂಚಿನಲ್ಲಿ ಒಂದು ತುಂಟ ನಗೆ ಮೂಡಿತು. ನಮ್ಮ ಹಿರಿಯರು ದಡ್ಡರಲ್ಲ ಕಣ್ರೀ! ಬೀಗರನ್ನು ಬೈಯಬಾರದೆಂದು ಕಟ್ಟುಮಾಡಿದ ಅದೇ ಹಿರಿಯರು, ಮದುವೆಯ ಊಟದ ಪಂಕ್ತಿಯಲ್ಲಿ ಬೀಗರನ್ನು ಹಾಡಿನಲ್ಲಿ ಎಷ್ಟು ಬೇಕಾದರೂ ಹಂಗಿಸಬಹುದೆಂದು ಒಂದು ಕಿಟಕಿಯನ್ನೂ ಇಟ್ಟಿದ್ದಾರೆ. ಬೀಗರ ಹಾಡಿಗೆ ಸಿಟ್ಟಾಗುವವನು ಬೀಗನೇ ಅಲ್ಲ. ಟೀಚರು ಗಂಟಲು ಸರಿಮಾಡಿಕೊಂಡು ಎತ್ತಿಕೊಂಡರು:

“ಅಕ್ಕಿ ಡಬ್ಬಿಗಿ ಕೀಲಿ, ಅರಿಷಿಣ ಡಬ್ಬಿಗಿ ಕೀಲಿ
ಜೀವದ ಡಬ್ಬಿಗೂ ಜಡದಾರ | ನಮ ಬೀಗರು
ಯಮ ಬಂದ್ರ ಸಹಿಯ ಕೇಳ್ಯಾರ!”

ಮೊದಲು ಪಾಟೀಲ ಮಾಸ್ತರರು ‘ಫುಸ್ಸ್’ ಎಂದರು. ಅಷ್ಟೇ ಸಾಕಾಯಿತು. ಎಷ್ಟೋ ವರ್ಷಗಳಿಂದ ಕಾರಣವಿಲ್ಲದೆ ನಕ್ಕ ಆ ಕೂಟಕ್ಕೆ ಮೊಟ್ಟಮೊದಲ ಬಾರಿ ಕಾರಣ ಸಿಕ್ಕಿತ್ತು! ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು, ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಕ್ಕರು. ಗಿಡದ ಮೇಲಿನ ಕಾಗೆಗಳು ಗಾಬರಿಯಿಂದ ಪಕ್ಕದ ಬೆಟಗೇರಿಯ ಕಡೆ ಹಾರಿದವು. ಚನ್ನವೀರಪ್ಪನವರಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಎದ್ದು, ಪ್ರತಿಜ್ಞಾಬದ್ಧ ಭೀಷ್ಮನಂತೆ ಬೆರಳೆತ್ತಿ, “ಅಕ್ಕಾರ, ನೀವು ಏನ ಹಾಡ್ರಿ, ಈ ಕೀಲಿ ಮಾತ್ರ ನಾ ಇರೂತನಾ...” ಎಂದವರು, ಅಲ್ಲೇ ತೂರಾಡಿ, ಹುಲ್ಲಿನ ಮೇಲೆ ದೊಪ್ಪನೆ ಬಿದ್ದರು.

“ಆಹಾ! ಬಿದ್ದುಬಿದ್ದು ನಗೆ!” ಎಂದು ಸಭೆ ಕೇಕೆ ಹಾಕಿತು. ಇಬ್ಬರು ಉತ್ಸಾಹಿಗಳು ತಾವೂ ಅವರ ಪಕ್ಕದಲ್ಲಿ ಬಿದ್ದು ಉರುಳಾಡಿದರು.

ಚನ್ನವೀರಪ್ಪನವರು ಉರುಳಾಡಲಿಲ್ಲ. ಅದನ್ನು ಕಂಡವರು ಟೀಚರೊಬ್ಬರೇ. ಮುಖ ಬೂದಿಯಾಗಿತ್ತು, ಬಾಯಿ ತೆರೆದಿತ್ತು. ಆಗ, ಓ ಕೇಳುಗರೇ, ಆ ಉಕ್ಕಿನ ಸೀಟಿ ಮೊಳಗಿತು! ಹದಿನಾಲ್ಕು ಲೋಕಕ್ಕೆ ಕೇಳಿತೋ ಇಲ್ಲವೋ, ಉದ್ಯಾನದ ನಗು ಮಾತ್ರ ಕತ್ತರಿಸಿದಂತೆ ನಿಂತಿತು.

“ಪಾಟೀಲ ಮಾಸ್ತರ, ನೂರಾ ಎಂಟಕ್ಕ ಫೋನ್ ಹಚ್ಚ್ರಿ! ಉಳದವರು ಡಬ್ಬಿ ತರ್ರಿ!”

ಹತ್ತು ಕೈಗಳು ಡಬ್ಬಿಗೆ ಹೋದವು, ಹತ್ತೂ ಬೀಗಕ್ಕೆ ತಾಗಿ ನಿಂತವು. ಕಲ್ಲಿನಿಂದ ಕುಟ್ಟಿದರು. ಬೀಗ ಜಗ್ಗಲಿಲ್ಲ; ಸ್ಟೋರ್‌ಕೀಪರು ಆರಿಸಿದ ಮಾಲು ಅದು. “ಕೀಲಿಕೈ ಅವರ ಉಡಿದಾರದಾಗ ಐತ್ರಿ!” ಎಂದು ಯಾರೋ ಕೂಗಿದರು. ಎಲ್ಲರೂ ಚನ್ನವೀರಪ್ಪನವರ ಸುತ್ತ ಬಂದು ನಿಂತರು. ನಿಂತರು, ಅಷ್ಟೇ. ಯಾರೂ ಬಗ್ಗಲಿಲ್ಲ. ಗುಂಪಿನ ನಡುವಿನಿಂದ ಒಂದು ದನಿ ಬಂತು:

“ಮುಟ್ಟಬ್ಯಾಡ್ರಿ. ಏನರ ಆದ್ರ ನಮ್ಮ ಮ್ಯಾಲ ಬರತೈತಿ.”

ನೀಲಗಂಗಾ ಟೀಚರು ತಟ್ಟನೆ ತಿರುಗಿದರು. ಅದೇ ಮಾತು, ಅಕ್ಷರಕ್ಕೆ ಅಕ್ಷರ ಅದೇ ಮಾತು! ಎದುರಿಗೆ ಅದೇ ಬೆನ್ನುಗಳ ಗೋಡೆ. ಹಿಂದಿನ ಸಲ ಆ ಗೋಡೆಯ ಆಚೆ ಅವರ ಗಂಡನಿದ್ದ, ಈ ಸಲ ಮಗಳ ಮಾವ. ಹೆಣ್ಣು ಕೊಟ್ಟವಳು ಬೀಗರ ಉಡಿದಾರಕ್ಕೆ ಕೈಹಾಕಿದಳೆಂದು ನಾಳೆ ಗದಗ ಬೆಟಗೇರಿ ಎರಡೂ ಆಡಿಕೊಳ್ಳುತ್ತವೆ. ಆಡಿಕೊಳ್ಳಲಿ!

“ಸರೀರಿ ಆಕಡೆ!” ಎಂದು ಗೋಡೆಯನ್ನು ಭೇದಿಸಿ ನುಗ್ಗಿದರು ಖೋಖೋರಣಚಂಡಿಕೆ. ಮೊಣಕಾಲೂರಿ, “ಬೀಗರ, ತಪ್ಪು ತಿಳ್ಕೋಬ್ಯಾಡ್ರಿ” ಎಂದು ಮೂರ್ಛಿತರಿಗೆ ಒಂದು ಮಾತು ಹೇಳಿ, ಉಡಿದಾರಕ್ಕೆ ಕೈ ಹಾಕಿ, ಒಂದೇ ಎಳೆತಕ್ಕೆ ದಾರ ಸಮೇತ ಕೀಲಿಕೈ ಕಿತ್ತರು. ಬೀಗ ತೆರೆಯಿತು, ಡಬ್ಬಿ ಇಳಿಯಿತು. ಉಸಿರು ಇದೆಯೋ ಇಲ್ಲವೋ ಆ ಗದ್ದಲದಲ್ಲಿ ತಿಳಿಯಲಿಲ್ಲ. ಅನುಮಾನವಿದ್ದರೆ ಹಚ್ಚಿಬಿಡಿ, ಯಂತ್ರ ನೋಡಿಕೊಳ್ಳುತ್ತದೆ ಎಂದು ಡಬ್ಬಿ ಕೊಂಡಾಗ ಕೊಟ್ಟ ತರಬೇತಿಯಲ್ಲಿ ಹೇಳಿದ್ದರು. ಗುಂಡಿ ಬಿಚ್ಚುವಷ್ಟು ಪುರಸೊತ್ತು ಯಾರಿಗೆ? ಅಂಗಿಯನ್ನು ಎರಡೂ ಕೈಯಿಂದ ಹಿಡಿದು ಎಳೆದರು. ಗುಂಡಿಗಳು ಅರಳು ಸಿಡಿದಂತೆ ಸಿಡಿದವು. ಕೊರಳ ಲಿಂಗವನ್ನು ಕಣ್ಣಿಗೊತ್ತಿಕೊಂಡು ಬದಿಗೆ ಸರಿಸಿದರು. ಎದೆಯ ಮೇಲೆ ಕರಡಿಗೆ ಸಾಲುವಷ್ಟು ಕೂದಲು! ಡಬ್ಬಿಯೊಳಗಿದ್ದ ರೇಜರಿನಿಂದ ಪರಪರ ಎಂದು ಎರಡು ಕಡೆ ಬೋಳಿಸಿ ಪಟ್ಟಿ ಅಂಟಿಸಿದರು.

ಆಗ ಡಬ್ಬಿ ಅಶರೀರವಾಣಿಯಾಗಿ ಇಂಗ್ಲಿಷಿನಲ್ಲಿ ನುಡಿಯಿತು: “ಡು ನಾಟ್ ಟಚ್ ದಿ ಪೇಷಂಟ್.”

“ನೋಡ್ರಿ, ಅದೂ ಮುಟ್ಟಬ್ಯಾಡ ಅಂತೈತಿ,” ಎಂದಿತು ಗುಂಪಿನ ಅದೇ ದನಿ.

“ಅದು ಎದಿ ನೋಡೂತನಕ ಅಷ್ಟs ಹಂಗಂತದ, ನೀವು ಬಾಯಿ ಮುಚ್ಚ್ರಿ!” ಎಂದು ವಕೀಲರು ಕಟ್ಟೆಯಿಂದಲೇ ಗುಡುಗಿದರು.

ಇಪ್ಪತ್ತೊಂದು ಜನ ಉಸಿರು ಬಿಗಿಹಿಡಿದರು. ಡಬ್ಬಿ ಯೋಚಿಸಿತು. ಕಡೆಗೆ ಹೇಳಿತು: “ನೋ ಶಾಕ್ ಅಡ್ವೈಸ್ಡ್.” ಶಾಕ್ ಬೇಡವಂತೆ. ಆಮೇಲೆ ಎದೆ ಒತ್ತಲು ಹೇಳಿತು. ಟೀಚರು ಎರಡೂ ಅಂಗೈ ಎದೆಯ ನಡುವೆ ಇಟ್ಟು, ಮೂವತ್ತು ವರ್ಷದ ವ್ಯಾಯಾಮದ ಬಲವನ್ನೆಲ್ಲ ಬಿಟ್ಟು ಒಮ್ಮೆ ಒತ್ತಿದರು. ಎರಡನೆಯ ಸಲ ಒತ್ತುವಷ್ಟರಲ್ಲಿ...

“ಅಯ್ಯಯ್ಯಯ್ಯೋ ಯಪ್ಪಾ! ಸತ್ನೆಪೋ!”

ಚನ್ನವೀರಪ್ಪನವರು ಕಣ್ಣು ಬಿಟ್ಟರು. ಆಕಾಶ ನೋಡಿದರು. ಬೀಗಿತ್ತಿಯನ್ನು ನೋಡಿದರು. ತಮ್ಮ ಪಕ್ಕದಲ್ಲಿ ಬಾಯ್ದೆರೆದಿದ್ದ ಡಬ್ಬಿಯನ್ನು ನೋಡಿದರು. ಯಮಲೋಕದ ಹೊಸ್ತಿಲಿನಿಂದ ಮರಳಿದ ಆ ಮಹಾಪುರುಷರ ಮೊದಲ ಮಾತು ಇದು:

“ಸಹಿ ಮಾಡಿದ್ರೇನ್ರೀ?”

ಟೀಚರು ಅಲ್ಲೇ ಹುಲ್ಲಿನ ಮೇಲೆ ಕುಳಿತು, ನಗುತ್ತ ನಗುತ್ತ ಅತ್ತರು.

ಅಷ್ಟರಲ್ಲಿ ಆಂಬುಲೆನ್ಸ್ ಬಂತು. ಅದರಲ್ಲಿದ್ದ ನರ್ಸಮ್ಮ ನಾಡಿ ಹಿಡಿದು, ಬಿ.ಪಿ. ನೋಡಿ, ಬೆರಳು ಚುಚ್ಚಿ ಸಕ್ಕರೆ ನೋಡಿ, “ಕಾಕಾ, ಯಾವಾಗ ಉಂಡೀರಿ?” ಎಂದು ಕೇಳಿದರು.

“ರವಿವಾರ ರಾತ್ರಿ,” ಎಂದರು ಚನ್ನವೀರಪ್ಪನವರು ಸಣ್ಣ ದನಿಯಲ್ಲಿ.

ಹೀಗೆ ಹೊರಬಿತ್ತು ನೋಡಿ ಮಹಾಮೂರ್ಛೆಯ ಮರ್ಮ. ಸೋಮವಾರ ಶ್ರಾವಣದ ಉಪವಾಸ. ಮನೆಯವರೆಲ್ಲ ರೋಣಕ್ಕೆ ಒಂದು ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದರು. ಸಂಜೆ ಉಪವಾಸ ಬಿಡಲೆಂದು ಸೊಸೆ ಸುಗಂಧಾ ಸಾಬೂದಾಣಿ ಖಿಚಡಿ ಮಾಡಿ ಕಪಾಟಿನಲ್ಲಿ ಇಟ್ಟಿದ್ದಳು. ಬೆಕ್ಕು ತಿಂದೀತೆಂದು ಮಾವನವರು ಕಪಾಟಿಗೆ ಕೀಲಿ ಹಾಕಿದ್ದರು. ಆ ಕೀಲಿಕೈಯನ್ನು ಉದ್ಯಾನದ ಮಂಟಪದ ಮೇಜಿನ ಖಾನೆಯಲ್ಲಿ ಮರೆತು, ಖಾನೆಗೂ ಕೀಲಿ ಹಾಕಿ ಬಂದಿದ್ದರು; ನೆನಪಾಗುವ ಹೊತ್ತಿಗೆ ಉದ್ಯಾನದ ಗೇಟಿಗೂ ಕೀಲಿ ಬಿದ್ದಿತ್ತು. ಹೃದಯಾಘಾತವಲ್ಲ, ಸಿಡಿಲಲ್ಲ, ವಿಧಿಯಲ್ಲ, ಹಸಿವು! ಒಂದು ಲೋಟ ಸಕ್ಕರೆ ನೀರು, ನಾಲ್ಕು ಬಿಸ್ಕೀಟು, ಮುಗಿಯಿತು. “ಆದ್ರೂ ಇವತ್ತ ಡಾಕ್ಟರಿಗೆ ಒಮ್ಮೆ ತೋರಸ್ರಿ” ಎಂದು ಹೇಳಿದ ನರ್ಸಮ್ಮ ಟೀಚರ ಕಡೆ ತಿರುಗಿ, “ಹಚ್ಚಿದ್ದು ಛಲೋ ಮಾಡೀರಿ. ಬ್ಯಾಡಾಗಿದ್ರ ಅದು ಕೊಡೂದಿಲ್ಲ. ಬೇಕಾಗಿದ್ದು, ನೀವು ಹಚ್ಚದ ಇದ್ದಿದ್ರ?” ಎಂದರು.

ಚನ್ನವೀರಪ್ಪನವರು ಬಿಸ್ಕೀಟು ಜಗಿಯುತ್ತ ತಮ್ಮ ಎದೆಯನ್ನು ನೋಡಿಕೊಂಡರು. ಹಪ್ಪಳದಗಲದ ಎರಡು ಬೋಳು ಚೌಕ. ಹರಿದ ಅಂಗಿ. ಕಡಿದ ಉಡಿದಾರ.

ಶೇಷಗಿರಿ ವಕೀಲರು ಈ ಹೊತ್ತಿಗಾಗಿಯೇ ಕಾದಿದ್ದವರಂತೆ ಕಟ್ಟೆಯಿಂದ ಇಳಿದು ಬಂದರು. “ಚನ್ನವೀರಪ್ಪನವರ, ಗಟ್ಟಿ ಇದ್ದಾಂವಗ ಡಬ್ಬಿ ಹಚ್ಚಿದ್ರ ಕೇಸ್ ಆಗ್ತದ ಅಂದ್ರಲ್ಲ? ಈಗ ಹಚ್ಚ್ಯಾರ. ಗಟ್ಟಿ ಇದ್ದಾಂವ ನೀವು. ಕೇಸ್ ಹಾಕೂದಿದ್ರ ನೀವs ಹಾಕಬೇಕು, ನಿಮ್ಮ ಬೀಗಿತ್ತಿ ಮ್ಯಾಲೆ. ಕಾಗದಾ ತಗೀಲ್ಯಾ?”

ಚನ್ನವೀರಪ್ಪನವರು ಕೈಯಲ್ಲಿದ್ದ ಬಿಸ್ಕೀಟು ಕೆಳಗಿಟ್ಟು, “ಎಲ್ಲಾರೂ ನಿಂತಿದ್ರೇನು?” ಎಂದು ಕೇಳಿದರು.

“ಎಲ್ಲಾರೂ,” ಎಂದರು ವಕೀಲರು.

“ಯಾರೂ ಮುಟ್ಟಲಿಲ್ಲ?”

“ಅಕ್ಕಾರೊಬ್ಬರs.”

ಅವರು ಡಬ್ಬಿಯ ಮೇಲಿನ ವೀರಭದ್ರಪ್ಪ ಎಂಬ ಹೆಸರನ್ನು ಒಮ್ಮೆ ಓದಿದರು. ಎಂಟು ತಿಂಗಳಲ್ಲಿ ಅವರು ಅದನ್ನು ಓದಿದ್ದು ಅದೇ ಮೊದಲು, ಅಲ್ಲಿಯವರೆಗೆ ಬೀಗವನ್ನಷ್ಟೇ ನೋಡುತ್ತಿದ್ದರು. “ಅಕ್ಕಾರ, ನನ್ನ ತಪ್ಪಾತು,” ಎಂದರು. ಸಭೆಗೆ ತಿರುಗಿ, “ಠರಾವು ಬರಕೋರ್ರಿ. ಕೀಲಿ ಇಲ್ಲ, ಅನುಮತಿ ಇಲ್ಲ, ಆಪತ್ತಿನಾಗ ಯಾರರ ತಗೀಲಿ. ಒಳ್ಳೆ ಮನಸಿನಿಂದ ಹಚ್ಚಿದವರಿಗೆ ಯಾರೂ ಏನೂ ಅನಬಾರದು. ರಿಜಿಸ್ಟರೂ ಇವತ್ತಿಗೆ ಬಂದ್” ಎಂದರು. ತುಸು ತಡೆದು, ಸ್ಟೋರ್‌ಕೀಪರ ಜೀವ ಕೇಳದೆ, “ಆದ್ರ ಅಕ್ಕಾರ, ಬಂದ್ ಮಾಡೂಕಿಂತ ಮುಂಚೆ ಇದೊಂದು ನೋಂದ ಬರದ್ರ...” ಎಂದು ಗೋಗರೆದರು.

ಟೀಚರು ದಾರ ಕಟ್ಟಿದ ಪೆನ್ನು ಹಿಡಿದು, ದುಂಡಗಿನ ಅಕ್ಷರದಲ್ಲಿ ಬರೆದರು. ಆ ರಿಜಿಸ್ಟರಿನ ಮೊದಲ ನಮೂದು, ಕೊನೆಯದೂ ಅದೇ:

‘ಒಯ್ದವರು: ನೀಲಗಂಗಾ ವೀ. ಬೆಳವಣಕಿ. ಉದ್ದೇಶ: ಬೀಗರು. ಮರಳಿಸಿದ ವಸ್ತುಗಳು: ಶಾಕ್ ಡಬ್ಬಿ ಒಂದು, ಬೀಗರು ಒಬ್ಬರು, ಅಂಗಿಗುಂಡಿ ಮೂರು.’

ಚನ್ನವೀರಪ್ಪನವರು ಓದಿದರು. ‘ಬೀಗರು ಒಬ್ಬರು’ ಎಂಬಲ್ಲಿ ಅವರ ಕಣ್ಣು ತುಂಬಿ ಬಂತು, ಮೂಗೆಳೆದುಕೊಂಡರು. ಮುಂದಕ್ಕೆ ಓದಿದರು. ಅಂಗಿಯನ್ನು ಮುಟ್ಟಿ ಎಣಿಸಿಕೊಂಡರು.

“ಗುಂಡಿ ನಾಕ ಇದ್ವಲ್ಲರೀ?”

ಹೀಗೆ ಯಮನನ್ನೇ ಹಿಮ್ಮೆಟ್ಟಿಸಿದ ಆ ಮಹಾಸೈನ್ಯ ಹುಲ್ಲಿನ ಮೇಲೆ ಮೊಣಕಾಲೂರಿ ಒಂದು ಬಿಳಿ ಅಂಗಿಗುಂಡಿಯನ್ನು ಅರ್ಧ ಗಂಟೆ ಹುಡುಕಿತು. ಕಡೆಗೆ ಏಳು ಮಂದಿಗೆ ಕುಳಿತಲ್ಲಿಂದ ಏಳಲು ಬರಲಿಲ್ಲ. ಉಳಿದವರು ಕಂಕುಳಿಗೆ ಕೈಕೊಟ್ಟು ಒಬ್ಬೊಬ್ಬರನ್ನೇ ಎತ್ತಿ ನಿಲ್ಲಿಸಿದರು, ಮುಟ್ಟಬ್ಯಾಡ್ರಿ ಎಂದು ಯಾರೂ ಅನ್ನಲಿಲ್ಲ.

ಗುಂಡಿ ಮಾತ್ರ ಸಿಗಲಿಲ್ಲ.